ಬೀಗರ ಬಂಕಿನ ಪೆಟ್ರೋಲು

ಗರ್ರ್... ನಮ್ಮ ಮನೆಯ ಹಿಂದೆ ಹಿಟ್ಟಿನ ಮಿಲ್ಲಿದೆ. ತುಮಕೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ತಲೆನೋವು ಬರುತ್ತಿತ್ತು. ಬರಬರುತ್ತಾ ರಾಗಿಗೊಂದು ದನಿ, ಅಕ್ಕಿಗೊಂದು ದನಿ ಕೇಳಿಸತೊಡಗಿತು. ಒಂದು ದಿನ ಒಲೆಯ ಮುಂದೆ ನಿಂತೇ, "ಮಿಲ್ಲಿನ ಬೆಲ್ಟು ಸಡಿಲವಾಗಿದೆ" ಎಂದುಬಿಟ್ಟೆ. ನಿಜವೂ ಆಯಿತು! ಅಂದಿನಿಂದ ನಾನು ಯಂತ್ರಗಳ ನಾಡಿ ವೈದ್ಯೆ. ಮಿಕ್ಸಿಯಿರಲಿ, ಮೋಟರಿರಲಿ, ಕಿವಿಗೊಟ್ಟರೆ ಸಾಕು, ಕಾಯಿಲೆ ಹೇಳುತ್ತೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದು ಮತ್ತೇತಕ್ಕೆ?

ನಾದಿನಿ ಮಾನಸಾಳಿಗೆ ಗುಬ್ಬಿಯಲ್ಲಿ ಸಂಬಂಧ ಕುದುರಿತ್ತು. ಹುಡುಗ ಬಂದು ನೋಡಿ ಹೋಗಿದ್ದ. ಈ ಭಾನುವಾರ ಅತ್ತೆ, ಯಜಮಾನರು, ನಾನು ಹುಡುಗನ ಮನೆ ನೋಡಿ ಬರಬೇಕು. ಹುಡುಗಿ ಹೋಗುವಂತಿಲ್ಲ. ಹೊರಡುವಾಗ ಮಾನಸಾ ನನ್ನ ಸೆರಗು ಹಿಡಿದಳು.

"ಅತ್ತಿಗೆ, ನಂಗೆ ಅವ್ರು ತುಂಬಾ ಇಷ್ಟ ಆಗಿದಾರೆ. ನಿಮ್ ಕಾಲಿಗ್ ಬೀಳ್ತೀನಿ, ಅಲ್ಲಿ ಹೋಗಿ ಏನೂ ರಿಪೇರಿ ಮಾಡ್ಬೇಡಿ."

"ಬಾಯೇ ಬಿಡಲ್ಲ ಕಣೇ!"

ಬಾಯಿ ಬಿಡದಿದ್ದರೇನು, ಕೈ ಇತ್ತಲ್ಲ! ಬೆಳಗ್ಗೆಯೇ ನಮ್ಮ ಹಳೆಯ ಫಿಯಟ್ಟಿನಲ್ಲಿ ಪೆಟ್ರೋಲ್ ಕಡಿಮೆಯಿದ್ದುದು ಕಂಡು, ಯಜಮಾನರು ಮೆಟ್ಟಿಲ ಕೆಳಗೆ ಇಡುವ ಪೆಟ್ರೋಲ್ ಕ್ಯಾನನ್ನು ತಂದು ಟ್ಯಾಂಕಿಗೆ ಸುರಿದಿದ್ದೆ. ನೆಗಡಿಯಿಂದ ಮೂಗು ಕಟ್ಟಿದ್ದು ಪುಣ್ಯ. ಪೆಟ್ರೋಲ್ ವಾಸನೆ ನನಗಾಗದು. ಯಾರಿಗೂ ಹೇಳಲಿಲ್ಲ. ಹೇಳಿ ಮಾಡಿದರೆ ಅದು ಉಪಕಾರವೇ?

ಹುಡುಗನ ತಂದೆ ಶಿವರಾಮಯ್ಯನವರದು ಗುಬ್ಬಿಗೆ ಮುಂಚೆಯೇ ಸಿಗುವ ಪೆಟ್ರೋಲ್ ಬಂಕು. "ಬೀಗರಾಗೋರ ಬಂಕು, ನಿಲ್ಲಿಸ್ದೆ ಹೋದ್ರೆ ಚೆನ್ನಾಗಿರಲ್ಲ" ಎಂದು ಯಜಮಾನರು ಅಲ್ಲಿ ಒಂದಿಷ್ಟು ಪೆಟ್ರೋಲ್ ಹಾಕಿಸಿದರು.

ಬೀಗರ ಅಂಗಳದಲ್ಲಿ ಕಾರು ನಿಂತಿತು. ಯಜಮಾನರು ಕೀ ತೆಗೆದು ಇಳಿದರು. ನಾನೂ ಇಳಿದೆ. ಇಂಜಿನ್ ಮಾತ್ರ ಕೇಳಲಿಲ್ಲ! ಗುಡು ಗುಡು, ಢಗ್, ಗುಡು ಗುಡು... ದೇವರು ಮೈಮೇಲೆ ಬಂದಂತೆ ಕಾರು ಅಲುಗಿತು. ಹಿಂದಿನಿಂದ ಹೊಗೆ ಎದ್ದು, ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ಹುಡುಗನ ತಾಯಿ ಮಹಾಲಕ್ಷ್ಮಮ್ಮನವರನ್ನು ಸೀರೆ ಸಮೇತ ಮರೆಮಾಡಿತು.

"ಕೀ ನನ್ ಕೈಲಿದೆ!" ಯಜಮಾನರು ಅದನ್ನು ಎತ್ತಿ ತೋರಿಸಿದರು, ಕಳ್ಳತನದ ಆರೋಪ ಬಂದವರಂತೆ.

ತುಟಿ ಕಚ್ಚಿ ಹಿಡಿದೆ. ನಿಜವಾಗಿಯೂ ಹಿಡಿದೆ. ಆದರೆ ಭೌತಶಾಸ್ತ್ರ ಉಕ್ಕಿ ಬಂತು.

"ಇದು ಕಲಬೆರಕೆ!"

"ಏ, ಸುಮ್ನಿರೇ."

"ಹೇಗ್ರೀ ಸುಮ್ನಿರೋದು? ಒಳ್ಳೆ ಪೆಟ್ರೋಲಾದ್ರೆ ಕಿಡಿ ನಿಂತ್ಮೇಲೆ ಉರಿಯೋದೂ ನಿಲ್ಬೇಕು. ಇದು ಇಂಜಿನ್ ಬಿಸಿಗೇ ಹತ್ಕೋತಾ ಇದೆ. ಸೀಮೆಎಣ್ಣೆ ಬೆರೆಸಿದಾರೆ! ಯಾವ ಬಂಕಿನ ಪುಣ್ಯಾತ್ಮರೋ..."

ಯಾವ ಬಂಕು ಎಂಬುದು ಆಗ ನೆನಪಾಯಿತು.

ಯಜಮಾನರು ಮತ್ತೆ ಒಳಗೆ ಕೂತು, ಗೇರು ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟರು. ಕಾರು ಕುಪ್ಪಳಿಸಿ ಸುಮ್ಮನಾಯಿತು. ಆ ಮೌನದಲ್ಲಿ ಶಿವರಾಮಯ್ಯನವರು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಅವರ ಮುಖ ಬಾಡಿತು.

"ನಿಜ ಕಣವ್ವ. ಸೀಮೆಎಣ್ಣೆ ನಾತ ಹೊಡೀತೈತೆ." ದನಿ ಸಣ್ಣದಾಗಿತ್ತು. ಮಗನ ಕಡೆ ತಿರುಗಿದರು. "ಫೋನ್ ಮಾಡ್ಲಾ, ಈಗ್ಲೇ ಬಂಕ್ ಮುಚ್ಚುಸು. ಬೀಗರ ಎದುರ್ಗೇ ಮಾನ ಹೋಯ್ತಲ್ಲೋ."

ಈಗ ನೆನೆದರೂ ನಾಚಿಕೆಯಾಗುವುದು ಇದಕ್ಕೇ: ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ ನಿಂತಿದ್ದಾಗ ನನ್ನೊಳಗೆ ಒಂದು ಸಣ್ಣ ಹೆಮ್ಮೆ ತಲೆ ಎತ್ತಿತ್ತು. ನೋಡಿದಿರಾ, ನಾನು ಹೇಳಲಿಲ್ಲವೇ!

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆ ದೊಡ್ಡಗಂಗಮ್ಮ ಇಳಿದರು. ಮೂಗು ಅರಳಿಸಿದರು.

"ಅಯ್ಯೋ ಶಿವನೇ, ಇದು ನಮ್ ರೇಷನ್ ಸೀಮೆಎಣ್ಣೆ ಕಣ್ರಪ್ಪ! ಬೇರೆ ಡಬ್ಬ ಇಲ್ದೆ, ಮೆಟ್ಲು ಕೆಳ್ಗೆ ಖಾಲಿ ಬಿದ್ದಿದ್ದ ಪೆಟ್ರೋಲ್ ಕ್ಯಾನಿಗೇ ಹುಯ್ದಿಟ್ಟಿದ್ದೆ. ಬೆಳಗ್ಗೆ ನೋಡ್ತೀನಿ, ಒಂದ್ ತೊಟ್ಟೂ ಇಲ್ಲ! ಯಾವ ಕಳ್ಳ ಬಗ್ಗಿಸ್ಕೊಂಡ್ ಹೋದ್ನೋ ಅಂತಿದ್ದೆ..."

ಎಲ್ಲರೂ ಕಳ್ಳನಿಗಾಗಿ ಅತ್ತಿತ್ತ ನೋಡಿದರು. ನಾನು ನೆಲ ನೋಡಿದೆ.

"ಅತ್ತೆ... ನಾನೇ."

ಶಿವರಾಮಯ್ಯನವರು ನನ್ನನ್ನೂ ಕಾರನ್ನೂ ನೋಡಿದರು. ಮಾನಸಾ ಹಿಡಿದಿದ್ದ ಸೆರಗು ನೆನಪಾಯಿತು. ಕೊನೆಗೆ ಅವರು ಅತ್ತೆಯ ಕಡೆ ತಿರುಗಿದರು.

"ನಿಮ್ ಹುಡುಗಿ ನಮ್ಗೆ ಒಪ್ಗೆ ಕಣಮ್ಮ. ಒಂದೇ ಮಾತು ಕೇಳ್ಬುಡ್ತೀನಿ. ಅವಳು ಈ ಅತ್ತಿಗೆ ತಾವ ಏನೂ ಕಲ್ತಿಲ್ಲ ತಾನೆ?"

ಅಂಗಳವೆಲ್ಲ ನಕ್ಕಿತು. ಮಹಾಲಕ್ಷ್ಮಮ್ಮನವರು ಹೊಗೆ ಹಿಡಿದ ಸೆರಗಿನಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಬಡಿಸಿದ ಕೇಸರಿಬಾತಿನ ರುಚಿ ನನಗೆ ತಿಳಿಯಲಿಲ್ಲ. ನೆಗಡಿ ಎಂದೆ.

ಸಂಜೆ ಮಾನಸಾ ಗೇಟಿನಲ್ಲೇ ನಿಂತಿದ್ದಳು. "ಒಪ್ಪಿದ್ರಾ?"

"ಒಪ್ಪಿದ್ರು."

ಓಡಿ ಬಂದು ತಬ್ಬಿಕೊಂಡಳು. "ಎಲ್ಲಾ ನಿಮ್ಮಿಂದ್ಲೇ ಅತ್ತಿಗೆ! ನೀವು ಬಾಯಿ ಬಿಡ್ಲಿಲ್ಲ ನೋಡಿ!"

ಬೆನ್ನ ಹಿಂದೆ ಯಜಮಾನರು ಕೆಮ್ಮಿದರು. ಮನೆಯ ಹಿಂದೆ ಮಿಲ್ಲೂ ಕೆಮ್ಮಿದಂತೆ ಕೇಳಿಸಿತು.

"ಮಿಲ್ ಸದ್ದು ಯಾಕೋ ಬೇರೆ ಥರ ಇದ್ಯಲ್ಲ ಅತ್ತಿಗೆ. ಏನ್ ಕೆಟ್ಟಿದೆ, ಹೇಳಿ ನೋಡಣ?"

"ಅದಾ? ಅದು ಬೇರಿಂಗು..." ಎಂದವಳು ಯಜಮಾನರ ಮುಖ ಕಂಡೆ. ಚಪ್ಪಲಿ ಬಿಟ್ಟು ಸರಸರನೆ ಒಳಗೆ ನಡೆಯುತ್ತಾ, "ಏನೂ ಕೇಳಿಸ್ತಿಲ್ಲ ಕಣೇ, ನೆಗಡಿಗೆ ನನ್ ಕಿವೀನೂ ಕಟ್ಟಿದೆ!" ಎಂದೆ.