ಐದು ಮುಳ್ಳು, ಆರು ಉಪವಾಸ

ಹಲ್ಲುನೋವಿನಷ್ಟು ಅನುಕೂಲದ ನೋವು ಇನ್ನೊಂದಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಜ್ವರವೆಂದರೆ ಹಣೆ ಮುಟ್ಟಿ ನೋಡುತ್ತಾರೆ, ಹೊಟ್ಟೆನೋವೆಂದರೆ ಏನು ತಿಂದೆ ಎಂದು ಕೇಳುತ್ತಾರೆ. ಹಲ್ಲುನೋವಿಗೆ ಸಾಕ್ಷಿ ಕೇಳುವವರಿಲ್ಲ. ಗಲ್ಲ ಹಿಡಿದು ಕೂತರೆ ಮುಗಿಯಿತು. ಬೇಡದ ಮದುವೆ, ಬೀಗರ ಜಗಳದ ಪಂಚಾಯಿತಿ, ಹೆಡ್‌ಮಾಸ್ತರರ ಭಾಷಣ, ಎಲ್ಲದರಿಂದಲೂ ನನ್ನ ದವಡೆ ನನ್ನನ್ನು ಪಾರುಮಾಡಿದೆ. ಒಂದೇ ಒಂದು ಸಲ ಕೈಕೊಟ್ಟಿತು. ಅದು ಎಂಬತ್ತರ ದಶಕದ ಕೊನೆ, ನಾನು ನಮ್ಮೂರು ಶೇಡಬಾಳದಲ್ಲೇ ಮಾಸ್ತರನಾಗಿದ್ದ ಕಾಲ.

ನಮ್ಮ ಹೊಲದ ಹಳೆಯ ಬೇವಿನ ಮರ ಗಾಳಿಗೆ ವಾಲಿ, ದನದ ಕೊಟ್ಟಿಗೆಯ ಮೇಲೆ ಇಂದೋ ನಾಳೆಯೋ ಬೀಳುವಂತಿತ್ತು. ಅಣ್ಣ ಮರ ಕಡಿಯುವವನನ್ನು ಕರೆಸಿದ. ಅವನು ಮೊದಲ ಏಟು ಹಾಕಿದ್ದೇ ತಡ, ಪೊಟರೆಯೊಳಗಿಂದ ಗುಂಯ್ ಎಂದಿತು. ಒಳಗೆ ಜೇನು ಸಂಸಾರ ಹೂಡಿತ್ತು. "ಹೊಗಿ ಹಾಕಿ ಓಡಸ್ತೇನ್ರಿ. ಜೇನತುಪ್ಪ ನನಗಿರ್ಲಿ" ಎಂದ. ನಾವು ಜೈನರು. ನಮ್ಮ ಮನೆಯಲ್ಲಿ ಜೇನುತುಪ್ಪ ತಿನ್ನುವ ಮಾತೇ ಇಲ್ಲ, ಹುಳ ಸಾಯಿಸುವ ಮಾತು ಇನ್ನೆಲ್ಲಿ? ಅವ್ವ ಕೊಡಲಿಯ ಮುಂದೆ ಬಂದು ನಿಂತಳು. "ಮರಾ ಬೇಕಾದ್ರ ಕಡೀರಿ. ಆದ್ರ ಹುಳ ಎಷ್ಟು ಸಾಯ್ತಾವೋ ಅಷ್ಟು ದಿನಾ ನಂದು ಉಪಾಸ." ಅವಳ ಉಪವಾಸವೆಂದರೆ ಸಾಬುದಾಣಿ, ಬಾಳೆಹಣ್ಣಿನ ಉಪವಾಸವಲ್ಲ, ನೀರೂ ಮುಟ್ಟುತ್ತಿರಲಿಲ್ಲ. ಅರವತ್ತೆಂಟು ವಯಸ್ಸು. ಹಿಂದಿನ ಚತುರ್ದಶಿಯ ಉಪವಾಸಕ್ಕಷ್ಟೇ ತಲೆತಿರುಗಿ ಬಚ್ಚಲಲ್ಲಿ ಬಿದ್ದಿದ್ದಳು.

ಆಗ ಎಲ್ಲರೂ ನನ್ನತ್ತ ನೋಡಿದರು. ತಪ್ಪು ನನ್ನದೇ. ಚಿಕ್ಕೋಡಿಯಲ್ಲಿ ಮೂರು ದಿನದ ಜೇನು ಸಾಕಣೆ ಶಿಬಿರಕ್ಕೆ ಹೋಗಿ ಬಂದು, ಮೂರು ತಿಂಗಳು ಅದನ್ನೇ ಕೊಚ್ಚಿಕೊಂಡಿದ್ದೆ. ಅಲ್ಲಿ ಕೊಟ್ಟ ಪೆಟ್ಟಿಗೆಯಲ್ಲಿ ಅತ್ತಿಗೆ ಹಳೆಯ ಅರಿವೆ ತುಂಬಿಟ್ಟಿದ್ದರು. "ನಾ ತಗೀತೀನಿ, ಒಂದೂ ಸಾಯಂಗಿಲ್ಲ" ಎಂದುಬಿಟ್ಟೆ. ಹೊಗೆ ಹಾಕಕೂಡದು ಎಂದು ಅವ್ವ ಕರಾರು ಹಾಕಿದಳು. ಆಮೇಲೆ ದೇವರ ಗೂಡಿನಿಂದ ನವಿಲುಗರಿಯ ಪಿಂಛಿ ತಂದು ನನ್ನ ಕೈಗಿಟ್ಟಳು. ಇರುವೆಗೂ ನೋವಾಗದಂತೆ ನೆಲ ಸವರಲು ಮುನಿಮಹಾರಾಜರು ಹಿಡಿಯುವ ಪಿಂಛಿ ಅದು; ಚಾತುರ್ಮಾಸ ಮುಗಿದಾಗ ಅವರ ಹಳೆಯದು ವ್ರತ ಹಿಡಿದ ಅವ್ವನಿಗೆ ಸಿಕ್ಕಿತ್ತು. ನಮಗ್ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ಇದರ್ಲೆ ಸರಸು, ಸಾವಕಾಶ" ಎಂದಳು.

ಹೊರಗೆ ಹೋದ ಹುಳಗಳೆಲ್ಲ ಮರಳುವ ಸಂಜೆಗೆ ಕೆಲಸ ಶುರುಮಾಡಿದೆ. ಪೊಟರೆಯ ಬಾಯಿ ಅಗಲಿಸಿ, ಒಂದೊಂದೇ ಜೇನಿನ ಎರಿ ಬಿಡಿಸಿ, ಬಾಳೆನಾರಿನಿಂದ ಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿ, ಹುಳಗಳನ್ನು ಪಿಂಛಿಯಿಂದ ಪೆಟ್ಟಿಗೆಗೆ ಸವರಿದೆ. ರಾಣಿ ಒಳಗೆ ನಡೆದಳು, ಪರಿವಾರವೂ ಹಿಂದೆಯೇ ನಡೆಯಿತು. ನನಗೇ ನನ್ನ ಮೇಲೆ ಗೌರವ ಹುಟ್ಟುವಷ್ಟರಲ್ಲಿ ಮುಖಕ್ಕೆ ಕಟ್ಟಿದ್ದ ಸೊಳ್ಳೆಪರದೆಯ ತುಂಡು ಜಾರಿತು. ಬಲಗಲ್ಲಕ್ಕೆ ಐದು ಕಚ್ಚಿದವು. ಮುಳ್ಳು ಬಿಟ್ಟ ಜೇನುಹುಳ ಬದುಕುವುದಿಲ್ಲ ಎಂದು ಶಿಬಿರದಲ್ಲಿ ಹೇಳಿದ್ದರು. ನನಗೆ ಉರಿ ತಿಳಿಯಲೇ ಇಲ್ಲ. ಅವ್ವನ ಐದು ಉಪವಾಸ ಕಣ್ಣಮುಂದೆ ಬಂದವು.

ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕತ್ತಲಾದ ಮೇಲೆ ನಮ್ಮಲ್ಲಿ ಊಟವಿಲ್ಲ, ಒಲೆ ಆರಿತ್ತು. ಅವ್ವ ಕೇಳಿದಳು, "ಎಷ್ಟು ಸತ್ತುವು?"

"ಒಂದೂ ಇಲ್ಲ."

"ಗಲ್ಲಾ ಯಾಕ ಬಾತೈತಿ?"

"ಹಲ್ಲ ನೋಯಾಕತ್ತೈತಿ."

ಅವ್ವ ಲವಂಗ ಅರೆದು ತಂದಳು. ದೀಪ ಹತ್ತಿರಕ್ಕೆಳೆದು ಗಲ್ಲಕ್ಕೆ ಹಚ್ಚಿದಳು. ನಾನು ಕಣ್ಣುಮುಚ್ಚಿ, ಸಾಧ್ಯವಾದಷ್ಟು ಹಲ್ಲುನೋವಿನ ಧಾಟಿಯಲ್ಲೇ ನರಳಿದೆ.

ಮರುದಿನ ಅವ್ವ ಊಟಕ್ಕೆ ಕೂರಲಿಲ್ಲ. "ನಿನ್ನ ಹಲ್ಲ ನೆಟ್ಟಗಾಗ್ಲಂತ" ಎಂದಳು. ದಿನ ಬಿಟ್ಟು ದಿನ ಇದೇ ನಡೆಯಿತು. ನಿಜ ಹೇಳೋಣವೆಂದರೆ ಹುಳಗಳ ಲೆಕ್ಕದಲ್ಲಿ ಮತ್ತೆ ಐದು ಹಿಡಿದಾಳೆಂಬ ಭಯ. ಅವಳೆದುರು ಕೂತು ಕಬ್ಬು ಸಿಗಿದು ತಿಂದು, ದವಡೆ ಗಟ್ಟಿಯಾಗಿದೆಯೆಂದು ತೋರಿಸಿದೆ. ಆದರೂ ಐದು ಮುಗಿದು ಆರನೆಯ ಸಲವೂ ತಾಟು ಸರಿಸಿದಾಗ ತಡೆಯಲಾಗಲಿಲ್ಲ. "ಹಲ್ಲ ಆರಾಮ ಐತಲ್ಲಬೇ, ಇನ್ಯಾಕ ಉಪಾಸ?"

"ಐದು ಉಪಾಸ ಹುಳದ್ದು. ಲವಂಗಾ ಹಚ್ಚೂ ಮುಂದ ಐದೂ ಮುಳ್ಳ ನಾನ ಕಿತ್ತೇನಿ. ಮುಳ್ಳ ಬಿಟ್ಟ ಹುಳ ಬದುಕ್ತೈತೇನು? ನಾನೂ ಹೊಲದಾಗ ಬೆಳದಾಕಿ. ಆರನೇದು ನಿನ್ನ ಸುಳ್ಳಿಂದು."

ನಾಚಿಕೆಯಿಂದ ಸತ್ತುಹೋದೆ. ಆರನೆಯದನ್ನು ನಾನೇ ಮಾಡುತ್ತೇನೆಂದು ಕಾಡಿಬೇಡಿ ಅವಳಿಗೆ ಉಣ್ಣಿಸಿ ಶಾಲೆಗೆ ಹೋದೆ. ಮಧ್ಯಾಹ್ನ ಜೊತೆಯ ಮಾಸ್ತರರು ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಚಟ್ನಿ. ಇನ್ನೇನು ಹೇಳಲಿ.

ಸಂಜೆ ಬಾಗಿಲಲ್ಲೇ ಅವ್ವ, "ಉಪಾಸ ಆತೇನೋ?" ಎಂದಳು. ನನ್ನ ಕೈ ತಾನಾಗಿಯೇ ಗಲ್ಲದ ಕಡೆ ಹೊರಟಿತು. ಈ ಸುಳ್ಳಿಗೆ ಏಳನೆಯ ಉಪವಾಸ ಬಿದ್ದೀತೆಂದು ಕೈ ಇಳಿಸಿದೆ. "ಇಲ್ಲಬೇ, ತಿಂದೆ." ಅವ್ವ ನಕ್ಕು, ಹೊತ್ತು ಮುಳುಗುವ ಮುಂಚೆ ತಾಟು ಹಾಕಿದಳು.

ಜೇನು ಎರಡು ವರ್ಷ ಪೆಟ್ಟಿಗೆಯಲ್ಲಿದ್ದು ಬೇರೆ ಮರ ಹುಡುಕಿಕೊಂಡಿತು. ಅವ್ವನೂ ಹೋಗಿ ಬಹಳ ವರ್ಷವಾಯಿತು. ಬೇಡದ ಮದುವೆಗಳು ಮಾತ್ರ ನಿಂತಿಲ್ಲ, ನನ್ನ ಹಲ್ಲುನೋವೂ ನಿಂತಿಲ್ಲ. ಆದರೆ ಗಲ್ಲಕ್ಕೆ ಕೈ ಹೋದಾಗಲೆಲ್ಲ, ಯಾರಾದರೂ ತಾಟು ಸರಿಸಿ ಕೂತಿದ್ದಾರೇನೋ ಎಂದು ಅಡುಗೆಮನೆಗೆ ಒಮ್ಮೆ ಇಣುಕುತ್ತೇನೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನರಳಲು ಶುರುಮಾಡುತ್ತೇನೆ.