ಬೂಸರಿನ ಗೋಡೆಗೊಂದು ನೋಟೀಸು

"ಹದಿನೈದು ದಿನದಾಗ ಮನಿ ಒಡತಿ ಖಾಜಾಬಿಯವರು ಈ ಗ್ವಾಡಿ ರಿಪೇರಿ ಮಾಡಸ್ಲಿಲ್ಲಂದ್ರ ನನ್ನ ಹೆಸರು ಗುರುಪಾದನ ಅಲ್ಲ," ಎಂದು ಗುರುಪಾದ ಹೆಂಡತಿಯ ಮುಂದೆ ಶಪಥ ಮಾಡಿದ. ರೋಣದ ವಕೀಲರೊಬ್ಬರ ಕಚೇರಿಯಲ್ಲಿ ಆರು ವರ್ಷದಿಂದ ಟೈಪಿಸ್ಟ್. ಗಜೇಂದ್ರಗಡದಿಂದ ನರಗುಂದದವರೆಗೆ ಎಷ್ಟೋ ಜನರ ನಿದ್ದೆಗೆಡಿಸಿದ ನೋಟೀಸುಗಳು ಅವನ ಬೆರಳಿನಿಂದಲೇ ಹೊರಟಿದ್ದವು. ಅಂಥವನ ಬಾಡಿಗೆ ಮನೆಗೆ ಬೂಸರು ಹಿಡಿಯುವುದೆಂದರೇನು?

ಆದರೆ ಹಿಡಿದಿತ್ತು. ೨೦೦೭ರ ಮಳೆಗಾಲದಲ್ಲಿ ಕಪಾಟಿನ ಹಿಂದೆ ಕರ್ರಗೆ ಹುಟ್ಟಿ, ಹೆಂಡತಿ ಸುವರ್ಣಾಳ ಮದುವೆ ಸೀರೆಯ ಅಂಚಿಗೆ ದಾಟಿ, ಈಗ ಮೂರು ವರ್ಷದ ಮಗಳ ಎದೆಯಲ್ಲಿ ಕೆಮ್ಮಾಗಿ ಕೂತಿತ್ತು.

"ಖಾಜಾಬಿ ಅವ್ವಾರು ಬಾಜೂ ಮನ್ಯಾಗ ಇದ್ದಾರ. ಹೋಗಿ ಬಾಯಿಲೆ ಹೇಳ್ರಿ," ಎಂದಳು ಸುವರ್ಣಾ.

"ಬಾಯಿಮಾತು ಕೋರ್ಟಿನಾಗ ನಡ್ಯಾಂಗಿಲ್ಲ."

"ನಾವೆಲ್ಲಿ ಕೋರ್ಟಿನಾಗ ಅದೀವಿ? ಅಡಗಿಮನ್ಯಾಗ ಅದೀವಿ."

ಗುರುಪಾದ ಒಂದೂವರೆ ಪುಟದ ನೋಟೀಸು ಟೈಪು ಮಾಡಿ, ರವಿವಾರ ಮುಂಜಾನೆ ತಾನೇ ಜಾರಿ ಮಾಡಲು ಹೋದ. ಖಾಜಾಬಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕೈ ಒರೆಸಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುವಿದಳು.

"ನನಗ ಕನ್ನಡ ಓದಾಕ ಬರಾಂಗಿಲ್ಲಪಾ. ನೀನ ಓದಿ ಹೇಳು. ಮೊದಲ ಚಾ ತೊಗೊ."

ತಾನು ಬರೆದ ನೋಟೀಸನ್ನು ಗಟ್ಟಿಯಾಗಿ ಓದುವ ಪ್ರಸಂಗ ಅವನಿಗೆ ಬಂದಿರಲಿಲ್ಲ. ಅದೂ ಎದುರಿಗಿದ್ದವರದೇ ಚಹಾ ಕೈಯಲ್ಲಿ ಹಿಡಿದುಕೊಂಡು.

"ತಾವು ಮಾಲಕರಾಗಿ ಘೋರ ನಿರ್ಲಕ್ಷ್ಯ ವಹಿಸಿರುತ್ತೀರಿ..."

"ಘೋರ ಅಂದ್ರ?"

"ಅಂದ್ರ... ನಿಮಗ ಭಾಳ ಕೆಲಸ ಇರತಾವು, ಗ್ವಾಡಿ ಕಡೆ ಲಕ್ಷ್ಯ ಹೋಗಿಲ್ಲ ಅಂತ್ರಿ."

"ಖರೇ ಅದ. ಮುಂದ?"

"ಮೇಲ್ಛಾವಣಿಯ ಸಮಸ್ತ ದುರಸ್ತಿಯು ತಮ್ಮದೇ ಹೊಣೆ... ಅಂದ್ರ, ಮಾಳಿಗಿ ಹತ್ತಿ ಒಮ್ಮೆ ನೋಡಿದ್ರ ಚಲೋ ಅಂತ್ರಿ."

"ಈ ಮೊಳಕಾಲು ಹಿಡಕೊಂಡು ಒಬ್ಬಾಕೀನ ಹ್ಯಾಂಗ ಹತ್ತಲಿ?"

"ನಾನೂ ಬರತೀನಿ ಅಂತ ಬರದೀನ್ರಿ," ಎಂದ ಗುರುಪಾದ, ಹಾಗೆ ಎಲ್ಲೂ ಬರೆಯದವನು.

ಕೊನೆಯ ಸಾಲು ಉಳಿದಿತ್ತು: ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು.

"ಸುಣ್ಣಾ ನಾನ ಹಚ್ಚತೀನಿ ಅಂತ್ರಿ," ಎಂದುಬಿಟ್ಟ.

ಮಧ್ಯಾಹ್ನವೇ ಖಾಜಾಬಿ ಕರೆಸಿದ ಗೌಂಡಿ ಸುಭಾನಸಾಬ ಬಂದ. ಮಾಳಿಗೆ ಹತ್ತಿ, ಬಿರುಕು ನೋಡಿ, ಇಳಿದು ಬಂದು ಕಪಾಟನ್ನು ಪಕ್ಕಕ್ಕೆ ಎಳೆದ. ಅದರ ಹಿಂದೆ ಒಂದು ಕಿಟಕಿ. ಎರಡು ವರ್ಷದಿಂದ ತೆರೆಯದ ಕಿಟಕಿ. ಅದರೆದುರು ಕೋಣೆಯೊಳಗೇ ಹಗ್ಗದ ಮೇಲೆ ಒಣಹಾಕಿದ ಹಸಿ ಬಟ್ಟೆ.

"ಮ್ಯಾಲಿನ ಬಿರುಕು ಅವ್ವಾರದು," ಎಂದ ಸುಭಾನಸಾಬ. "ಆದ್ರ ಗಾಳಿ ಬಂದ್ ಮಾಡಿದ್ದು ಯಾರ್ರೀ?"

ಗುರುಪಾದ ಹೆಂಡತಿಯ ಕಡೆ ನೋಡಿದ.

"ಕಪಾಟ ಅಲ್ಲಿ ಇಡಬ್ಯಾಡ್ರಿ ಅಂತ ಹೇಳಿದ್ದೆ," ಎಂದಳು ಸುವರ್ಣಾ. "ಬಾಯಿಲೆ ಹೇಳಿದ್ದೆ, ಅದಕ್ಕ ನಡೀಲಿಲ್ಲ."

ಮುಂದಿನ ರವಿವಾರದ ಹೊತ್ತಿಗೆ ಖಾಜಾಬಿ ಮಾಳಿಗೆಯ ಬಿರುಕು ಮುಚ್ಚಿಸಿದ್ದಳು. ಕಿಟಕಿ ತೆರೆದಿತ್ತು, ಮಗಳ ಕೆಮ್ಮು ಇಳಿದು, ಅವಳು ಬಿಸಿಲಿನ ಚೌಕದಲ್ಲಿ ಕೂತು ಆಡುತ್ತಿದ್ದಳು. ಗುರುಪಾದ ಸ್ಟೂಲಿನ ಮೇಲೆ ನಿಂತು ಗೋಡೆಗಿಂತ ಹೆಚ್ಚು ಸುಣ್ಣವನ್ನು ತನಗೇ ಬಳಿದುಕೊಂಡಿದ್ದ. ಖಾಜಾಬಿ ಚಹಾ ತಂದಳು.

"ನಮ್ಮ ಮನಿಯವರು ಇದ್ದಾಗ, ಮೂವತ್ತು ವರ್ಷ ಕೋರ್ಟಿನಾಗ ಬೇಲೀಫ್ ಆಗಿದ್ರು. ನೋಟೀಸ ಜಾರಿ ಮಾಡೋದ ಅವರ ಕೆಲಸ. ದಿನಾ ಮನ್ಯಾಗ ಅದ ಮಾತು ಕೇಳತಿದ್ದೆ."

ಗುರುಪಾದನ ಬ್ರಶ್ಶು ಗೋಡೆಗೇ ಅಂಟಿಕೊಂಡಿತು. "ಹಂಗಾರ ಅವತ್ತು ನಿಮಗ ಎಲ್ಲಾ ತಿಳದಿತ್ತೇನ್ರಿ?"

"ಘೋರನೂ ತಿಳೀತು, ಹೊಣಿನೂ ತಿಳೀತು. ಆದ್ರ ನೀ ಬರದದ್ದಕ್ಕಿಂತ ನೀ ಓದಿದ್ದು ಚಲೋ ಇತ್ತು, ಅದನ್ನ ಖರೇ ಅಂತ ಹಿಡದೆ." ಚಹಾದ ಬಸಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆಕೆ ಗೋಡೆಯನ್ನು ನೋಡಿದಳು. "ಆ ಮೂಲಿಗೆ ಸುಣ್ಣಾ ಹತ್ತಿಲ್ಲ ನೋಡಪಾ."