ನೀರುನಾಯಿಗೆ ಹಿಂದಿನ ಗೇಟು ತೆರೆಯುವ ಕುರಿತು

ಬೆಟ್ಟ ಜಲಾನಯನ ಪುನರುಜ್ಜೀವನ ಇಲಾಖೆ
ನಕ್ಷಾ ವಿಭಾಗ

ಸಂಖ್ಯೆ: ಬೆಜಪು/ನಕ್ಷೆ/ಗೋಡೆ/೧೨

ವಿಷಯ: ಪ್ರಾಣಿಗಳ ಸಂಪರ್ಕ ಮಾರ್ಗದ ನಕ್ಷೆಯಲ್ಲಿ ಈ ಕಚೇರಿಯ ಗೋಡೆ ಬಿಟ್ಟುಹೋಗಿರುವುದು ಹಾಗೂ ತತ್ಸಂಬಂಧ ಸಿಬ್ಬಂದಿಯ ನಡವಳಿಕೆ.

ಉಲ್ಲೇಖ: ೧. ಮಂಜೂರಾದ ನಕ್ಷೆ.
೨. ಗೇಟು ಕಾವಲುಗಾರರ ಮೌಖಿಕ ಹೇಳಿಕೆ.
೩. ವರಾಂಡದ ಮೇಲಿನ ಒದ್ದೆ ಹೆಜ್ಜೆಗಳು.

ಬೆಟ್ಟದ ಕಾಡಿನಿಂದ ಕೆಳಗಿನ ಕೆರೆಯವರೆಗೆ ಪ್ರಾಣಿಗಳು ಹಳ್ಳದ ದಂಡೆ ಹಿಡಿದು ಓಡಾಡುವ ದಾರಿ ಎಲ್ಲೆಲ್ಲಿ ಕಡಿದಿದೆ ಎಂದು ಗುರುತಿಸಲು ಮೂರು ವರ್ಷ ಶ್ರಮಿಸಿ ನಕ್ಷೆ ತಯಾರಿಸಲಾಗಿದೆ. ಹನ್ನೊಂದು ಕಡೆ ಕಡಿದಿತ್ತು. ಹನ್ನೊಂದು ಕಡೆಯೂ ಗಿಡ ನೆಡಲಾಗಿದೆ. ಹನ್ನೆರಡನೆಯದು ಈ ಕಚೇರಿಯ ಗೋಡೆ. ಇಲಾಖೆಯ ಸ್ವಂತ ಕಟ್ಟಡವನ್ನು ಅಡ್ಡಿ ಎಂದು ತೋರಿಸುವ ಪದ್ಧತಿ ಇಲ್ಲದ್ದರಿಂದ ಆ ಜಾಗವನ್ನು ಬಿಳಿಯಾಗಿ ಬಿಡಲಾಗಿತ್ತು. ಕಂಪ್ಯೂಟರು ಬಿಳಿಯನ್ನು ಬಯಲು ಎಂದು ತಿಳಿದು ಅದರ ಮೇಲೆಯೇ ದಾರಿ ತೆರೆದಿದೆ ಎಂಬ ಹಸಿರು ಗೆರೆ ಎಳೆದಿದೆ. ದೀಪದ ಬುಡದಲ್ಲಿ ಕತ್ತಲೆ ಇರುವುದನ್ನು ಕಡತಕ್ಕೆ ತೆಗೆದುಕೊಳ್ಳಲಾಗಿದೆ.

ಆದರೂ ವರಾಂಡದಲ್ಲಿ ನೀರುನಾಯಿಯ ಹೆಜ್ಜೆ ಕಂಡುಬಂದು, ಗೆರೆ ಸುಳ್ಳಾಗದೆ ಉಳಿದದ್ದು ಹೇಗೆ ಎಂದು ವಿಚಾರಿಸಲಾಗಿ, ಕಾವಲುಗಾರರು ನೀಡಿದ ಹೇಳಿಕೆಯನ್ನು ಅವರದೇ ಮಾತಿನಲ್ಲಿ ದಾಖಲಿಸಲಾಗಿದೆ: “ವರ್ಷಾ ವರ್ಷಾ ಮರಿಗಳು ಹಿಂದಿನ ಗೇಟಾಚೆ ಬಂಡೆ ಸಂದೀಲಿ ಕೂತು ಕೀಚ್ ಕೀಚ್ ಅಂತಾವೆ ಸಾರ್. ತಾಯಿ ಈಚೆ ಬಂದು ಕೆರೆಯಿಂದ ಮೀನು ಒಯ್ಬೇಕು. ಹಳ್ಳದ ನೀರು ಗೋಡೆ ಕೆಳಗೆ ಹಾಯೋ ಪೈಪಿಗೆ ನಾವೇ ಕಂಬಿ ಹಾಕಿದೀವಿ. ಕರುಳು ಚುರುಕ್ ಅಂತು, ದಿನಾ ನಸುಕಲ್ಲಿ ಬೀಗ ತೆಗೆಯೋಕೆ ಶುರು ಮಾಡ್ದೆ. ಆರು ವರ್ಷ ಆಯ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಈ ಹಿನ್ನೆಲೆಯಲ್ಲಿ ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸಲಾಗಿದೆ.

೧. ಮಂಜೂರಾದ ನಕ್ಷೆಯನ್ನು ತಿದ್ದಲು ಅವಕಾಶವಿಲ್ಲ. ಆದುದರಿಂದ ಗೋಡೆ ಇಲ್ಲವೆಂದೇ ಭಾವಿಸತಕ್ಕದ್ದು. ಹಾಗೆ ಭಾವಿಸಿ ಯಾರೂ ಅದರ ಮೂಲಕ ಮನೆಗೆ ಹೋಗಲು ಯತ್ನಿಸತಕ್ಕದ್ದಲ್ಲ.

೨. ಗೋಡೆ ಕೆಡವಲು ಅನುಮತಿ ಕೋರಲಾಗಿತ್ತು. ನಕ್ಷೆಯಲ್ಲಿ ಇಲ್ಲದ ಗೋಡೆಯನ್ನು ಕೆಡವಲು ಬರುವುದಿಲ್ಲ ಎಂದು ಮೇಲಿನ ಕಚೇರಿ ತಿಳಿಸಿದೆ.

೩. ಬೆಳಿಗ್ಗೆ ಐದೂಕಾಲರಿಂದ ಆರೂವರೆಯವರೆಗೆ ವರಾಂಡವನ್ನು ಹಳ್ಳದ ದಂಡೆ ಎಂದೂ, ಜೆರಾಕ್ಸ್ ಯಂತ್ರವನ್ನು ಬಂಡೆ ಎಂದೂ ಪರಿಗಣಿಸತಕ್ಕದ್ದು. ಬಂಡೆಯನ್ನು ಆ ಅವಧಿಯಲ್ಲಿ ಚಾಲೂ ಮಾಡತಕ್ಕದ್ದಲ್ಲ.

೪. ನೀರುನಾಯಿ ವರಾಂಡದಲ್ಲಿ ಹಾಕುವ ಹಿಕ್ಕೆ ಸಂಪರ್ಕ ಮಾರ್ಗಕ್ಕೆ ಲಿಖಿತ ದಾಖಲೆಗಿಂತ ಬಲವಾದ ಸಾಕ್ಷಿ. ಅದರ ಪಕ್ಕದಲ್ಲಿ ದಿನಾಂಕ ಬರೆಯತಕ್ಕದ್ದು. ಮೇಲೆ ಮುದ್ರೆ ಒತ್ತತಕ್ಕದ್ದಲ್ಲ. ಈಗಾಗಲೇ ಒತ್ತಿರುವ ಗುಮಾಸ್ತರಿಗೆ ಹೊಸ ಮುದ್ರೆ ನೀಡಲಾಗುವುದಿಲ್ಲ.

೫. ಬಾಯಲ್ಲಿ ಮೀನಿರುವ ಪ್ರಾಣಿಯನ್ನು ಬಂದ ಕಾರಣ ಕೇಳತಕ್ಕದ್ದಲ್ಲ. ಸದರಿ ಮೀನನ್ನು ಕಚೇರಿಗೆ ಬಂದ ಟಪಾಲು ಎಂದು ತಿಳಿದು ಕೈಯೊಡ್ಡಿದ ಟಪಾಲು ಗುಮಾಸ್ತರ ಬಲಗೈ ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ. ಅವರು ಕನ್ನಡಕ ಬದಲಿಸತಕ್ಕದ್ದು.

೬. ಕಾವಲುಗಾರರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಗೋಡೆಯೇ ಇಲ್ಲದ ಕಚೇರಿಗೆ ಗೇಟು ಕಾಯುವವರು ಬೇಕಿಲ್ಲವೆಂದು ಮೇಲಿನ ಕಚೇರಿ ಆ ಹುದ್ದೆಯನ್ನು ರದ್ದುಪಡಿಸಿದೆ. ಕಾವಲಿಲ್ಲದ ಗೇಟಿಗೆ ಹಗಲೂ ರಾತ್ರಿ ಬೀಗ ಹಾಕಿರತಕ್ಕದ್ದೆಂದು ನಿಯಮವಿದೆ. ಹಾಗೆ ಹಾಕಿದರೆ ಮರಿಗಳು ಬದುಕುವುದಿಲ್ಲ. ಈ ವಾಕ್ಯಕ್ಕೆ ತಕ್ಕ ಆಡಳಿತ ಪದ ದೊರೆಯದ ಕಾರಣ ಹಾಗೆಯೇ ಬರೆಯಲಾಗಿದೆ.

೭. ಕೆಳಗೆ ಸಹಿ ಮಾಡಿರುವವರು ಸದರಿ ನಕ್ಷೆಗೂ ಸಹಿ ಮಾಡಿದವರು. ಅವರು ನಿನ್ನೆ ನಸುಕಿನಲ್ಲಿ ಕಾವಲುಗಾರರ ಸ್ಟೂಲಿನ ಮೇಲೆ ಕುಳಿತು ಸ್ಥಳ ಪರಿಶೀಲನೆ ನಡೆಸಿದ್ದಾರೆ. ನೀರುನಾಯಿ ಅವರ ಬೂಟಿನ ಮೇಲೆ ಹಾದುಹೋಗಿದೆ. ನಕ್ಷೆಯಲ್ಲಿ ಮೂರು ವರ್ಷ ಹುಡುಕಿದ್ದು ಕಾಲ ಮೇಲೆಯೇ ಹೋದದ್ದಕ್ಕೆ ಅವರಿಗೆ ಸಂತೋಷವೂ ನಾಚಿಕೆಯೂ ಆಗಿರುವುದನ್ನು ಈ ಮೂಲಕ ದಾಖಲಿಸಲಾಗಿದೆ.

೮. ಕಾವಲುಗಾರರಿಂದ ವಹಿಸಿಕೊಳ್ಳಲಾದ ವಸ್ತುಗಳು: ಬೀಗದ ಕೈ ಒಂದು. ಟಾರ್ಚು ಒಂದು (ಉರಿಯುವುದಿಲ್ಲ). ಸ್ಟೂಲು ಒಂದು (ಕುಂಟುತ್ತದೆ). ನೀರುನಾಯಿ ಒಂದು. ಮರಿ ಮೂರು. ವಹಿಸಿಕೊಡುವಾಗ ಕಾವಲುಗಾರರು “ಸಾರ್, ನೀವು ಏಳೋದೇ ಎಂಟಕ್ಕೆ. ಅದು ಕಾಯಲ್ಲ” ಎಂದು ಆಕ್ಷೇಪಣೆ ಸಲ್ಲಿಸಿದ್ದಾರೆ. ಆಕ್ಷೇಪಣೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

ಸಹಿ/-
ಮುಖ್ಯ ನಕ್ಷಾಧಿಕಾರಿ
ಹಾಗೂ ಗೇಟು ಕಾವಲುಗಾರ
(ಬೆಳಿಗ್ಗೆ ಐದೂಕಾಲರಿಂದ ಆರೂವರೆ, ರಜಾದಿನಗಳೂ ಸೇರಿ)

ಪ್ರತಿಗಳು:
೧. ಮೇಲಿನ ಕಚೇರಿಗೆ: ಸಾದಾ ಅಂಚೆಯಲ್ಲಿ, ಅವಸರವಿಲ್ಲ.
೨. ಟಪಾಲು ಗುಮಾಸ್ತರಿಗೆ: ಎಡಗೈಯಲ್ಲಿ ಸಹಿ ಮಾಡಿ ಪಡೆಯುವುದು.
೩. ಕಾವಲುಗಾರರ ಮನೆಯವರಿಗೆ: ಒಂದನೇ ತಾರೀಖಿನಿಂದ ಅವರನ್ನು ನಾಲ್ಕೂವರೆಗೆ ಎಬ್ಬಿಸಬೇಕಿಲ್ಲವೆಂದು ತಿಳಿಸಲು.
೪. ನೀರುನಾಯಿಗೆ: ಹಿಂದಿನ ಗೇಟಿನಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಅಂಟಿಸಲು.
೫. ಸ್ವಂತ ಪ್ರತಿ: ಅಲಾರಾಂ ಗಡಿಯಾರದ ಕೆಳಗೆ ಇಡಲು.